ನಡೆ ಬದಲಾಗುವ ಆ ಒಂದು ಕ್ಷಣ

ವಾರದಲ್ಲಿ ನಾಲ್ಕು ದಿನ ಆಫೀಸಿಗೆ ಮುಂಚೆ ಕುದುರೆ ಸವಾರಿಗೆ ಹೋಗ್ತೀನಿ ಅಂದ ತಕ್ಷಣ ಜನ ಕೇಳೋದು ಒಂದೇ ಪ್ರಶ್ನೆ. "ಎಷ್ಟು ಸ್ಪೀಡಲ್ಲಿ ಓಡಿಸ್ತೀರಾ?" ಕೇಳೋದರಲ್ಲಿ ತಪ್ಪೇನಿಲ್ಲ. ಕುದುರೆ ಅಂದರೆ ನಮಗೆಲ್ಲ ನಾಗಾಲೋಟ, ಧೂಳು, ಗಾಳಿಗೆ ಹಾರುವ ಜೂಲು. ನಾನು ಕಲೀತಿರೋದು ಡ್ರೆಸ್ಸೇಜ್ ಅಂತ ಹೇಳಿದರೆ ಎರಡನೇ ಪ್ರಶ್ನೆ ಬರುತ್ತೆ: "ಅಂದ್ರೆ, ಕುದುರೆಗೆ ಡ್ರೆಸ್ ಹಾಕೋದಾ?"

ಬಟ್ಟೆಯ ವಿಷಯ ಅಲ್ಲ ಇದು. ಫ್ರೆಂಚಿನಲ್ಲಿ ಈ ಪದಕ್ಕೆ ತರಬೇತಿ ಅಂತ ಅರ್ಥ. 20 ಮೀಟರ್ ಅಗಲ, 60 ಮೀಟರ್ ಉದ್ದದ ಮರಳಿನ ಅರೀನಾ. ಅಂಚಿನುದ್ದಕ್ಕೂ ಇಂಗ್ಲಿಷ್ ಅಕ್ಷರಗಳ ಫಲಕಗಳು. ಓಟದ ಪೈಪೋಟಿ ಇಲ್ಲ, ಹಾರೋಕೆ ಬೇಲಿಗಳೂ ಇಲ್ಲ. ಈ ಅಕ್ಷರದ ಹತ್ತಿರ ನಡೆ ಬದಲಾಗಬೇಕು, ಆ ಅಕ್ಷರದ ಹತ್ತಿರ ವೃತ್ತ ಹಾಕಬೇಕು, ನಡುಗೆರೆಯ ಮೇಲೆ ನೇರ ಬಂದು ಅಲ್ಲಾಡದೆ ನಿಲ್ಲಬೇಕು. ತೀರ್ಪುಗಾರರು ಒಂದೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡ್ತಾರೆ. ಕೊನೆಗೆ ಎಲ್ಲ ಸೇರಿ ಶೇಕಡಾವಾರು. ನಮ್ಮ ಸೆಮಿಸ್ಟರ್ ರಿಸಲ್ಟ್ ಥರಾನೇ.

2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಇದೇ ಆಟದಲ್ಲಿ ತಂಡ ವಿಭಾಗದ ಚಿನ್ನ ಗೆದ್ದಿತು. ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಆ ತಂಡದಲ್ಲಿದ್ದರು. ನಾಲ್ವರಲ್ಲಿ ಮೇಲಿನ ಮೂವರ ಅಂಕ ಲೆಕ್ಕಕ್ಕೆ. ಒಟ್ಟು 209.205. ಕುದುರೆ ಸವಾರಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ನಮಗೆ ಹಿಂದೆ ಬಂದಿದ್ದು 1982ರಲ್ಲಿ, ಅಂದರೆ 41 ವರ್ಷದ ಹಿಂದೆ. ಮರು ವರ್ಷ ಪ್ಯಾರಿಸ್‌ನಲ್ಲಿ ಅನುಷ್, ಒಲಿಂಪಿಕ್ಸ್ ಡ್ರೆಸ್ಸೇಜ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಆದರು.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಆಡೋದು ಈವೆಂಟಿಂಗ್. ಅದರಲ್ಲಿ ಡ್ರೆಸ್ಸೇಜ್, ಕಾಡುಮೇಡಿನ ಓಟ, ಜಂಪಿಂಗ್ ಮೂರೂ ಇರತ್ತೆ, ಶುರುವಾಗೋದು ಡ್ರೆಸ್ಸೇಜ್‌ನಿಂದ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ಮೊದಲ ಹಂತ ಮುಗಿದಾಗ ಅವರು ಒಂಬತ್ತನೇ ಸ್ಥಾನದಲ್ಲಿದ್ದರು. ನದಿ ದಾಟುವ, ಬೇಲಿ ಹಾರುವ ಕುದುರೆಗೂ ಮೊದಲ ಪರೀಕ್ಷೆ ಸರಿಯಾಗಿ ನಡೆಯೋದೇ.

ಈ ಸಲ ಹೇಳಬೇಕು ಅಂತಿರೋದು ಆ ನಡೆಯ ಬಗ್ಗೆ. ಅದನ್ನ ಉತ್ತಮ ಮಾಡೋದು ಹೇಗೆ, ಮತ್ತೆ ಅದು ಒಂದು ಕುದುರೆಯ ಮುಂದಿನ ಬದುಕನ್ನೇ ಹೇಗೆ ತೀರ್ಮಾನ ಮಾಡಬಹುದು ಅನ್ನೋದರ ಬಗ್ಗೆ.

ನಾಲ್ಕು, ಎರಡು, ಮೂರು

ಅಮರಕೋಶ ಕುದುರೆಯ ನಡೆಗೆ ಐದು ಹೆಸರು ಕೊಡುತ್ತೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಈ ಐದನ್ನೂ ಸೇರಿಸಿ 'ಧಾರೆ' ಅಂತ ಕರೆಯುತ್ತೆ. ನನಗೆ ಈ ಪದ ತುಂಬಾ ಇಷ್ಟ. ಧಾರೆ ಅಂದರೆ ಕಡಿಯದೆ ಹರಿಯೋದು. ಡ್ರೆಸ್ಸೇಜ್‌ನ ಇಡೀ ಗುಟ್ಟು ಆ ಪದದಲ್ಲೇ ಇದೆ.

ಇವತ್ತಿನ ಡ್ರೆಸ್ಸೇಜ್‌ನಲ್ಲಿ ಲೆಕ್ಕಕ್ಕೆ ಬರೋದು ಮೂರು ನಡೆ. ವಾಕ್‌ಗೆ ನಾಲ್ಕು ಬಡಿತ, ನಾಲ್ಕು ಕಾಲೂ ಬಿಡಿಬಿಡಿಯಾಗಿ ನೆಲ ಮುಟ್ಟುತ್ತವೆ. ಟ್ರಾಟ್‌ಗೆ ಎರಡು ಬಡಿತ. ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ, ಆಮೇಲೆ ಇನ್ನೊಂದು ಜೋಡಿ, ನಡುವೆ ನಾಲ್ಕು ಕಾಲೂ ಗಾಳಿಯಲ್ಲಿರುವ ಒಂದು ಚಿಕ್ಕ ಗಳಿಗೆ. ಕ್ಯಾಂಟರ್‌ಗೆ ಮೂರು ಬಡಿತ: ಒಂದು ಹಿಂಗಾಲು, ಆಮೇಲೆ ಒಂದು ಜೋಡಿ, ಕೊನೆಗೆ ಮುಂದಾಳು ಮುಂಗಾಲು, ಮತ್ತೆ ಗಾಳಿ.

ಇದೆಲ್ಲ ಬರಿಗಣ್ಣಿಗೆ ಸಿಗೋದು ಕಷ್ಟ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವಾ ಇಲ್ಲವಾ ಅನ್ನೋ ವಾದ ಬಗೆಹರಿದಿದ್ದೇ 1878ರಲ್ಲಿ, ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದ ಮೇಲೆ. ಈಗ ನಮ್ಮ ಫೋನಿನ ಸ್ಲೋ ಮೋಷನ್ನಲ್ಲೇ ಅದು ಕಾಣುತ್ತೆ.

ಬಡಿತದ ಲೆಕ್ಕ ತಪ್ಪಿದರೆ ನಡೆ ಕೆಟ್ಟಿದೆ ಅಂತ ಅರ್ಥ. ಬಿಗಿದುಕೊಂಡ ಕುದುರೆಯ ವಾಕ್‌ನಲ್ಲಿ ಒಂದೇ ಬದಿಯ ಎರಡು ಕಾಲು ಜೊತೆಜೊತೆಗೆ ಹೋಗೋಕೆ ಶುರುವಾಗುತ್ತೆ, ನಾಲ್ಕು ಬಡಿತ ಎರಡಕ್ಕೆ ಇಳಿಯುತ್ತೆ. ಶಕ್ತಿಯಿಲ್ಲದೆ ಎಳೆದಾಡುವ ಕ್ಯಾಂಟರ್‌ನಲ್ಲಿ ಮೂರು ಬಡಿತ ನಾಲ್ಕಾಗುತ್ತೆ. ವಿಚಿತ್ರ ಅಂದ್ರೆ, ಮೂರರಲ್ಲಿ ನೋಡೋಕೆ ಸುಲಭ ಅನ್ನಿಸುವ ವಾಕ್ ಅನ್ನೇ ಕೆಡಿಸೋದು ಸುಲಭ, ಸರಿಪಡಿಸೋದು ಕಷ್ಟ.

ಸರ್ದಾರ್

ಸರ್ದಾರ್ ಒಂಬತ್ತು ವರ್ಷದ ಕಂದು ಬಣ್ಣದ ಥರೋಬ್ರೆಡ್. ರೇಸಿನಿಂದ ನಿವೃತ್ತನಾಗಿ, ನಾನು ಹೋಗುವ ಊರಾಚೆಯ ಸಣ್ಣ ರೈಡಿಂಗ್ ಸ್ಕೂಲಿಗೆ ಬಂದವನು. ಬೆಂಗಳೂರಿನ ಸುತ್ತಮುತ್ತ ಇಂಥ ಸ್ಕೂಲುಗಳಲ್ಲಿ ಹಳೇ ರೇಸ್ ಕುದುರೆಗಳು ಬೇಕಾದಷ್ಟು ಸಿಗುತ್ತವೆ.

ಮನುಷ್ಯರ ಹತ್ತಿರ ಬಹಳ ಸಂಭಾವಿತ. ಮಕ್ಕಳು ಕ್ಯಾರೆಟ್ ಹಿಡಿದು ಹೋದರೆ ತುಟಿಯಲ್ಲೇ ಮೆತ್ತಗೆ ತಗೋತಾನೆ. ಬೆನ್ನ ಮೇಲೆ ಹತ್ತಿದರೆ ಕಥೆ ಬೇರೆ. ವಾಕ್‌ನಿಂದ ಟ್ರಾಟ್‌ಗೆ ಹೋಗು ಅಂದರೆ ತಲೆ ಆಕಾಶಕ್ಕೆ, ಬೆನ್ನು ಪಾತಾಳಕ್ಕೆ, ಚಿಕ್ಕ ಚಿಕ್ಕ ಅವಸರದ ಹೆಜ್ಜೆ. ಮೇಲೆ ಕೂತವರಿಗೆ ಅಮಾನತು ಕೆಟ್ಟ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಅನುಭವ. ನಿಲ್ಲಿಸೋಕೆ ಲಗಾಮು ಹಿಡಿದರೆ ಇನ್ನೂ ಜೋರಾಗಿ ಹೋಗ್ತಿದ್ದ.

ಅವನದ್ದೇನೂ ತಪ್ಪಲ್ಲ. ರೇಸಿನಲ್ಲಿ ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಓಡು ಅಂತ ಅರ್ಥ. ಜಾಕಿ ಗಿಡ್ಡ ರಿಕಾಪಿನಲ್ಲಿ ನಿಂತು ಬೆನ್ನಿನಿಂದ ಮೇಲೇ ಇರ್ತಾನೆ, ಪೂರ್ತಿ ಭಾರ ಹಾಕಿ ಕೂರೋದೇ ಇಲ್ಲ. ಅವನಿಗೆ ಕಲಿಸಿದ್ದು ಎರಡೇ: ನಿಂತಿರು, ಅಥವಾ ಹಾರು. ನಡುವಿನ ಯಾವುದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಸ್ಕೂಲಿನ ಮಾಲೀಕರ ಲೆಕ್ಕವೂ ಅರ್ಥವಾಗುವಂಥದ್ದೇ. ಹುಲ್ಲು, ಹುರುಳಿ, ಬೂಸಾ, ಲಾಳ, ಸೈಸ್ ಸಂಬಳ ಎಲ್ಲ ಸೇರಿ ತಿಂಗಳಿಗೆ ಖರ್ಚು ಕುದುರೆ ಕೆಲಸ ಮಾಡಲಿ ಬಿಡಲಿ ಬರ್ತಾನೇ ಇರುತ್ತೆ. ಹೊಸಬರನ್ನ ಕೂರಿಸೋಕೆ ಆಗದ ಕುದುರೆ ಅವರಿಗೆ ಬರೀ ಖರ್ಚು. "ಮೂರು ತಿಂಗಳು ನೋಡೋಣ, ಆಗಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಟುಬಿಡೋಣ" ಅಂದರು. ಯಾರಿಗಾದರೂ ಅಂದರೆ ಯಾರು ಅಂತ ಲಾಯದಲ್ಲಿ ಎಲ್ಲರಿಗೂ ಗೊತ್ತು. ಇಂಥ ಕುದುರೆಗಳು ಕೆಲವು ಮದುವೆ ಮೆರವಣಿಗೆಗೆ ಹೋಗ್ತವೆ, ಬ್ಯಾಂಡು, ಪಟಾಕಿ, ಡಾಂಬರು ರಸ್ತೆ ಮಧ್ಯೆ. ಶಬ್ದಕ್ಕೆ ಬೆಚ್ಚುವ ಸರ್ದಾರನನ್ನ ಅಲ್ಲಿ ಊಹಿಸಿಕೊಳ್ಳೋಕೂ ಆಗ್ತಿರಲಿಲ್ಲ.

ನಮ್ಮ ಮೇಷ್ಟ್ರು ಸೇನೆಯಿಂದ ನಿವೃತ್ತರಾದ ಸುಬೇದಾರ್, ಹಾಸನದ ಕಡೆಯವರು. ಮೂರು ತಿಂಗಳು ವಾರಕ್ಕೆ ನಾಲ್ಕು ದಿನ ಸರ್ದಾರನನ್ನ ನೀನೇ ಹತ್ತು ಅಂತ ನನಗೆ ಹೇಳಿದರು.

ಮೊದಲು ನೋವಿದೆಯಾ ನೋಡು

ಮೊದಲ ಹತ್ತು ದಿನ ತರಬೇತಿ ಮಾತೇ ಇಲ್ಲ. ಪಶುವೈದ್ಯರು ಬಂದು ನೇರ ಗೆರೆಯಲ್ಲಿ, ವೃತ್ತದಲ್ಲಿ, ಗಟ್ಟಿ ನೆಲದಲ್ಲಿ ಓಡಿಸಿ ಕುಂಟು ಇದೆಯಾ ಅಂತ ನೋಡಿದರು. ಹಲ್ಲು ಪರೀಕ್ಷೆ ಆಯ್ತು. ಕುದುರೆಯ ಹಲ್ಲು ಬದುಕಿಡೀ ಮೇಲೇಳುತ್ತಾ ಸವೆಯುತ್ತಾ ಇರುತ್ತೆ, ಅಂಚು ಚೂಪಾಗಿ ಕೆನ್ನೆಗೆ ಚುಚ್ಚಿದರೆ ಕಡಿವಾಣ ಬಾಯಿಗೆ ತಾಗಿದಾಗೆಲ್ಲ ತಲೆ ಎತ್ತುತ್ತೆ. ಸರ್ದಾರನಿಗೆ ಎರಡು ಕಡೆ ಚೂಪಾಗಿತ್ತು, ಅರದಲ್ಲಿ ಉಜ್ಜಿಸಿದ್ದಾಯ್ತು. ಲಾಳ ಹಾಕುವವರು ಬಂದು ಗೊರಸು ಸರಿ ಮಾಡಿದರು. ಜೀನು ಭುಜದ ಮೂಳೆಗೆ ಒತ್ತುತ್ತಿತ್ತು, ಬೇರೆ ಜೀನು ಬಂತು.

"ನೋವಿರೋ ಕುದುರೇಗೆ ಪಾಠ ಹೇಳೋದು ಅಂದ್ರೆ ಜ್ವರ ಬಂದಿರೋ ಮಗೂಗೆ ಮಗ್ಗಿ ಹೇಳಿಕೊಟ್ಟ ಹಾಗೆ ಕಣಮ್ಮ" ಅಂದ್ರು ಸುಬೇದಾರ್ ಸರ್. ಸವಾರಿ ಕಲಿಯುತ್ತಿರುವ ಯಾರೇ ಆದರೂ ಇದನ್ನ ಮೊದಲು ಬರೆದಿಟ್ಟುಕೊಳ್ಳಿ. ನಡೆ ಕೆಟ್ಟಿದೆ ಅಂದರೆ ಮೊದಲ ಫೋನ್ ಪಶುವೈದ್ಯರಿಗೆ.

ಮುಂದಿನ ಬ್ರೇಕು, ಹಿಂದಿನ ಬ್ರೇಕು

ಹನ್ನೊಂದನೇ ದಿನ ನಾನು ಕೇಳಿದೆ, "ಸರ್, ಈ ಟ್ರಾಟ್ ಸರಿ ಮಾಡೋದು ಹೇಗೆ?"

"ನೋಡಮ್ಮ, ಟ್ರಾಟ್ ಸರಿ ಮಾಡ್ಬೇಕು ಅಂತ ಟ್ರಾಟಲ್ಲೇ ಸುತ್ತು ಹೊಡೀತಾ ಕೂರಬೇಡ. ಟ್ರಾಟಿಗೆ ಹೋಗೋದನ್ನ ಸರಿ ಮಾಡು, ಟ್ರಾಟಿಂದ ಬರೋದನ್ನ ಸರಿ ಮಾಡು. ಮಧ್ಯದ್ದು ತಾನಾಗೇ ಬರ್ತದೆ."

ಡ್ರೆಸ್ಸೇಜ್‌ನಲ್ಲಿ ಇದಕ್ಕೆ ಟ್ರಾನ್ಸಿಶನ್ ಅಂತಾರೆ. ಒಂದು ನಡೆಯಿಂದ ಇನ್ನೊಂದಕ್ಕೆ ದಾಟುವ ಹೊತ್ತು. ನನ್ನಂಥ ಕೋಡ್ ಬರೆಯೋರಿಗೆ ಇದು ತಕ್ಷಣ ತಲೆಗೆ ಹೋಯ್ತು. ಸಿಸ್ಟಮ್ ಒಂದು ಸ್ಥಿತಿಯಲ್ಲಿ ಸುಮ್ಮನೆ ಇದ್ದಾಗ ಏನೂ ಆಗಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೇ ಎಲ್ಲ ಕೈಕೊಡೋದು. ಕುದುರೆಯಲ್ಲಿ ಯಾಕೆ ಹಾಗೆ ಅಂತ ಅರ್ಥವಾಗೋಕೆ ಅದರ ಮೈಕಟ್ಟು ಗೊತ್ತಿರಬೇಕು.

ನಿಂತಿರುವ ಕುದುರೆಯ ತೂಕದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲಿರುತ್ತೆ. ತಲೆ, ಕತ್ತು ಎರಡೂ ಮುಂದೆ ಚಾಚಿಕೊಂಡಿವೆಯಲ್ಲ. ಅದರ ಮೇಲೆ ನಾವು ಹತ್ತಿ ಕೂತರೆ ಮುಂಭಾಗಕ್ಕೆ ಇನ್ನಷ್ಟು ಭಾರ. ಸಾಲದ್ದಕ್ಕೆ ಕುದುರೆಗೆ ನಮ್ಮ ಹಾಗೆ ಕೊರಳೆಲುಬಿಲ್ಲ. ಮುಂಗಾಲುಗಳು ಮೈಗೆ ಅಂಟಿಕೊಂಡಿರೋದು ಬರೀ ಸ್ನಾಯುಗಳ ಆಧಾರದಲ್ಲಿ, ಎದೆಗೂಡು ಎರಡು ಭುಜಗಳ ನಡುವೆ ಜೋಲಿಯಲ್ಲಿ ತೂಗಿದ ಹಾಗೆ. ಆ ಸ್ನಾಯು ಸೋತರೆ ಎದೆ ಕೆಳಗೆ ಕುಸಿಯುತ್ತೆ, ಬೆನ್ನು ಬಗ್ಗುತ್ತೆ, ವರ್ಷಗಟ್ಟಲೆ ಹಾಗೇ ನಡೆದರೆ ಮುಂಗಾಲಿನ ಕೀಲು, ನರ ಸವೆಯುತ್ತೆ.

ಎಂಜಿನ್ ಇರೋದು ಮಾತ್ರ ಹಿಂದೆ. ಹಿಂಗಾಲು ಹೊಟ್ಟೆಯ ಅಡಿಗೆ ಚೆನ್ನಾಗಿ ಹೆಜ್ಜೆ ಇಟ್ಟು ಭಾರ ತಗೊಂಡರೆ ಮುಂಭಾಗ ಹಗುರಾಗುತ್ತೆ, ಬೆನ್ನು ಮೇಲೇಳುತ್ತೆ, ನಡೆಗೆ ಚಿಮ್ಮು ಬರುತ್ತೆ.

ಸ್ಕೂಟರ್ ಓಡಿಸೋರಿಗೆ ಇದು ಗೊತ್ತು. ಮುಂದಿನ ಬ್ರೇಕು ಒಂದನ್ನೇ ಗಟ್ಟಿಯಾಗಿ ಹಿಡಿದರೆ ಗಾಡಿ ಮೂಗು ಬಗ್ಗಿಸುತ್ತೆ. ಲಗಾಮು ಎಳೆದು ನಿಲ್ಲಿಸಿದ ಕುದುರೆಯೂ ಹಾಗೇ, ಇಡೀ ಭಾರ ಮುಂಗಾಲಿಗೆ ಬೀಳುತ್ತೆ. ಹಿಂಗಾಲು ಒಳಗೆ ಬಂದು ನಿಂತರೆ, ಕುದುರೆ ಹಿಂದಕ್ಕೆ ಸ್ವಲ್ಪ ಕೂತ ಹಾಗೆ ಆಗುತ್ತೆ. ಟ್ರಾಟ್‌ನಿಂದ ವಾಕ್‌ಗೆ, ವಾಕ್‌ನಿಂದ ಟ್ರಾಟ್‌ಗೆ ಹೀಗೆ ಸರಿಯಾಗಿ ಒಂದು ಸಲ ದಾಟಿದರೆ ಹಿಂಗಾಲಿಗೆ ಒಂದು ಬಸ್ಕಿ ಹೊಡೆದಷ್ಟು ಕೆಲಸ. ಟ್ರಾಟ್‌ನಲ್ಲಿ ಇಪ್ಪತ್ತು ಸುತ್ತು ಹಾಕಿದರೆ ಸುಸ್ತಾಗುತ್ತೆ ಅಷ್ಟೇ. ಇಪ್ಪತ್ತು ಸಲ ನಡೆ ಬದಲಿಸಿದರೆ ಮೈ ಕಟ್ಟುತ್ತೆ.

ದಿನಚರಿ

ಮೊದಲ ಹತ್ತು ನಿಮಿಷ ಉದ್ದ ಲಗಾಮಿನಲ್ಲಿ ವಾಕ್ ಮಾತ್ರ. ಆಮೇಲೆ ವಾಕ್, ನಿಲ್ಲು, ವಾಕ್. ಮೊದಲ ಎರಡು ವಾರ ಇಷ್ಟೇ ಕೆಲಸ.

ನಿಲ್ಲಿಸೋದು ಹೇಗೆ ಅಂದರೆ, ಕುದುರೆಯ ಜೊತೆ ಆಡುತ್ತಿರುವ ನನ್ನ ಸೊಂಟ ನಿಲ್ಲಬೇಕು, ಉಸಿರು ಹೊರಗೆ ಬಿಡಬೇಕು, ಬೆರಳು ಮುಚ್ಚಬೇಕು. ಕೈ ಹಿಂದಕ್ಕೆ ಎಳೆಯೋ ಹಾಗಿಲ್ಲ. ಅವನು ನಿಂತ ಅದೇ ಕ್ಷಣ ಬೆರಳು ಸಡಿಲ. ಕುದುರೆ ಕಲಿಯೋದು ಒತ್ತಿದ್ದರಿಂದ ಅಲ್ಲ, ಒತ್ತಿದ್ದನ್ನ ಬಿಟ್ಟಿದ್ದರಿಂದ. ಬಿಡೋದು ತಡವಾದರೆ ತಾನು ಮಾಡಿದ್ದು ಸರಿಯಾ ತಪ್ಪಾ ಅಂತ ಅವನಿಗೆ ಗೊತ್ತಾಗೋದೇ ಇಲ್ಲ.

ಇನ್ನೊಂದು ಪಾಠ, ಯಾವ ಕಾಲು ಎಲ್ಲಿದೆ ಅಂತ ನೋಡದೇ ತಿಳಿಯೋದು. ವಾಕ್‌ನಲ್ಲಿ ಕುದುರೆಯ ಹೊಟ್ಟೆ ಎಡಕ್ಕೂ ಬಲಕ್ಕೂ ತೂಗುತ್ತೆ. ಬಲಕ್ಕೆ ತೂಗಿದಾಗ ಎಡ ಹಿಂಗಾಲು ಗಾಳಿಯಲ್ಲಿದ್ದು ಮುಂದೆ ಬರ್ತಿರುತ್ತೆ, ಎಡಕ್ಕೆ ತೂಗಿದಾಗ ಬಲ ಹಿಂಗಾಲು. ನೆಲದ ಮೇಲೆ ಭಾರ ಹೊತ್ತು ನಿಂತಿರುವ ಕಾಲಿಗೆ 'ಇನ್ನೂ ಮುಂದೆ ಇಡು' ಅಂದರೆ ಏನು ಮಾಡುತ್ತೆ ಪಾಪ? ನೆಲ ಬಿಡುತ್ತಿರುವ ಕಾಲಿಗೇ ಹೇಳಬೇಕು. ನನ್ನ ಎಡಗಾಲಿನ ಮೀನಖಂಡ ಆ ಹೊತ್ತಿಗೆ ಮೆತ್ತಗೆ ಒಮ್ಮೆ ತಾಗಿದರೆ ಸಾಕು. ದಿನಕ್ಕೆ ಐದು ನಿಮಿಷ ಕಣ್ಣು ಮುಚ್ಚಿಕೊಂಡು "ಎಡ, ಬಲ, ಎಡ, ಬಲ" ಅಂತ ಜೋರಾಗಿ ಹೇಳಿಸ್ತಿದ್ದರು. ಸೈಸ್ ಅಣ್ಣ ಪಕ್ಕದಲ್ಲೇ ನಡೀತಾ ಸರಿಯೋ ತಪ್ಪೋ ಹೇಳ್ತಿದ್ದರು.

ಮೂರನೇ ವಾರದಿಂದ 20 ಮೀಟರ್ ವೃತ್ತ. ಸುತ್ತಳತೆ 63 ಮೀಟರ್ ಹತ್ತಿರ. ಅದನ್ನ ನಾಲ್ಕು ಭಾಗ ಮಾಡಿ, ಒಂದೊಂದು ಬಿಂದುವಿನಲ್ಲೂ ಬದಲಾವಣೆ. ಒಂದು ಕಾಲು ಭಾಗ ಟ್ರಾಟ್, ಐದು ಹೆಜ್ಜೆ ವಾಕ್, ಮತ್ತೆ ಟ್ರಾಟ್. ಹದಿನಾರು ಮೀಟರಿಗೊಂದು ಸಲ ಏನೋ ಬದಲಾಗುತ್ತೆ ಅಂತ ಗೊತ್ತಾದಾಗ ಸರ್ದಾರನಿಗೆ ಅವಸರ ಮಾಡೋಕೆ ಸಮಯವೇ ಸಿಗಲಿಲ್ಲ. ಓಡಿಹೋಗುವ ಬದಲು, ಮುಂದೇನು ಅಂತ ಒಂದು ಕಿವಿ ನನ್ನ ಕಡೆ ತಿರುಗಿಸೋಕೆ ಶುರು ಮಾಡಿದ.

ಆರನೇ ವಾರ ಬಂದಿದ್ದು ಹಾಫ್ ಹಾಲ್ಟ್. ಡ್ರೆಸ್ಸೇಜ್‌ನಲ್ಲಿ ಅತಿ ಹೆಚ್ಚು ಕೇಳುವ, ಅತಿ ಕಡಿಮೆ ಅರ್ಥವಾಗುವ ಪದ ಇದು. ನಮ್ಮ ಸರ್ ವಿವರಿಸಿದ್ದು ಹೀಗೆ: "ವಾಕ್‌ಗೆ ಇಳೀತೀನಿ ಅಂತ ಎಲ್ಲಾ ತಯಾರಿ ಮಾಡು. ಅವನು ಇಳಿಯೋಕೆ ಹಿಂಗಾಲು ಒಳಗೆ ತಂದ ಅಂತ ಅನ್ನಿಸ್ತಲ್ಲ, ಆವಾಗ ಮನಸ್ಸು ಬದಲಾಯಿಸು. ಬೇಡ, ಟ್ರಾಟಲ್ಲೇ ಹೋಗು ಅನ್ನು." ಒಂದು ಸೆಕೆಂಡಿನ ಕೆಲಸ. ಕುದುರೆ ಹಿಂದೆ ಕೂತು, ಭಾರ ಹಿಂಗಾಲಿಗೆ ತಗೊಂಡು, ಅದೇ ಶಕ್ತಿಯಲ್ಲಿ ಮುಂದೆ ಚಿಮ್ಮುತ್ತೆ. ಸರ್ದಾರನ ಬೆನ್ನು ನನ್ನ ಕೆಳಗೆ ಮೇಲೆದ್ದಿದ್ದು ನನಗೆ ಮೊದಲ ಸಲ ಗೊತ್ತಾಗಿದ್ದು ಆವತ್ತು.

ಕ್ಯಾಂಟರ್ ಕೊನೆಗೆ. ಎಡ ಕ್ಯಾಂಟರ್ ಶುರುವಾಗೋದು ಬಲ ಹಿಂಗಾಲಿನಿಂದ. ಅದಕ್ಕೇ ಟ್ರಾಟ್‌ನಲ್ಲಿ ಕುದುರೆಯನ್ನ ಬೆನ್ನಟ್ಟಿ ಜೋರು ಮಾಡಿದರೆ ಅದು ಕ್ಯಾಂಟರ್‌ಗೆ ಬೀಳುತ್ತೆ, ಏರೋದಿಲ್ಲ. ಟ್ರಾಟ್ ಶಾಂತವಾಗಿ, ಎರಡು ಹಾಫ್ ಹಾಲ್ಟ್ ಆದ ಮೇಲೆ, ಹೊರಗಿನ ಹಿಂಗಾಲು ನೆಲಕ್ಕೆ ಬರುವ ಹೊತ್ತಿಗೆ ಕೇಳಬೇಕು. ಹತ್ತು ಹೆಜ್ಜೆ ಸಾಕು. ಚೆನ್ನಾಗಿರುವಾಗಲೇ ಟ್ರಾಟ್‌ಗೆ ಇಳಿಸಿ, ಮತ್ತೆ ಕೇಳು.

ಪ್ರತಿ ಎಂಟು ಹತ್ತು ನಿಮಿಷಕ್ಕೊಮ್ಮೆ ಬಿಡುವು, ಅದರ ಜೊತೆ ಒಂದು ಪರೀಕ್ಷೆ. ಲಗಾಮನ್ನ ಬೆರಳ ಸಂದಿಯಿಂದ ನಿಧಾನ ಬಿಡ್ತಾ ಹೋಗೋದು. ಬೆನ್ನು ಸಡಿಲಾಗಿದ್ದರೆ ಕುದುರೆ ಲಗಾಮನ್ನ ಹುಡುಕುತ್ತಾ ಕತ್ತು ಮುಂದಕ್ಕೆ ಕೆಳಕ್ಕೆ ಚಾಚುತ್ತೆ, ಮೂಗಿನಿಂದ ಬುರ್‍ರ್ ಅನ್ನುತ್ತೆ. ತಲೆ ಮೇಲೆತ್ತಿ ಓಡಿದರೆ, ಅಷ್ಟು ಹೊತ್ತು ನಾವು ಮಾಡಿದ್ದು ಬರೀ ಹಿಡಿದಿಟ್ಟುಕೊಂಡಿದ್ದು ಅಂತ ಅರ್ಥ. ಈ ಪರೀಕ್ಷೆಯಲ್ಲಿ ಮೋಸ ಮಾಡೋಕೆ ಆಗಲ್ಲ.

ಜೋರು ಅಲ್ಲ, ಉದ್ದ

ನಾನು ಪ್ರತಿ ಶನಿವಾರ ವಿಡಿಯೋ ಮಾಡಿಸಿ, ಫೋನಿನ ಮೆಟ್ರೊನೋಮ್ ಆ್ಯಪ್‌ನಲ್ಲಿ ಅವನ ಟ್ರಾಟ್ ಅಳೀತಿದ್ದೆ. ವೃತ್ತಿ ಚಾಳಿ. ಮೊದಲ ವಾರ ನಿಮಿಷಕ್ಕೆ 165ರಿಂದ 180 ಬಡಿತದ ನಡುವೆ ಎಲ್ಲೆಂದರಲ್ಲಿ. ಒಂಬತ್ತನೇ ವಾರ 150ರ ಆಸುಪಾಸು, ಸುತ್ತು ಪೂರ್ತಿ ಹೆಚ್ಚುಕಮ್ಮಿ ಅಷ್ಟೇ. ತಮಾಷೆ ಅಂದರೆ ಬಡಿತ ಕಮ್ಮಿಯಾದರೂ ಉದ್ದದ ಬದಿ ದಾಟೋಕೆ ಅವನು ಹೆಚ್ಚು ಹೊತ್ತು ತಗೊಳ್ತಿರಲಿಲ್ಲ. ಹೆಜ್ಜೆ ಉದ್ದವಾಗಿತ್ತು.

ಸಂಗೀತ ಕಲಿತವರಿಗೆ ಇದು ಬೇಗ ಹೊಳೆಯುತ್ತೆ. ಕಾಲ ಬದಲಾದರೂ ಕೈಯ ತಾಳ ಓಡಬಾರದು ಅಂತ ಮೇಷ್ಟ್ರು ಬೈಯಲ್ವಾ? ಇಲ್ಲೂ ಹಾಗೇ. ದೊಡ್ಡ ಸ್ಪರ್ಧೆಗಳಲ್ಲಿ ಕುದುರೆ ಅರೀನಾ ಅಡ್ಡಲಾಗಿ ತೇಲಿದ ಹಾಗೆ ಬರೋದು ಎಕ್ಸ್‌ಟೆಂಡೆಡ್ ಟ್ರಾಟ್. ನೋಡೋಕೆ ವೇಗ ಅನ್ನಿಸುತ್ತೆ, ತಾಳ ಮಾತ್ರ ಅದೇ. ಹೆಜ್ಜೆ ಮಾತ್ರ ಹಿಗ್ಗಿದೆ. ಅದರ ಕೊನೆಯಲ್ಲಿ ಮತ್ತೆ ಚಿಕ್ಕ ಹೆಜ್ಜೆಗೆ ಬರೋದೂ ಒಂದು ಟ್ರಾನ್ಸಿಶನ್ನೇ, ಅಲ್ಲೇ ಬಹಳ ಜನ ಅಂಕ ಕಳೆದುಕೊಳ್ಳೋದು.

ಜರ್ಮನ್ನರು ಈ ತರಬೇತಿಗೆ ಆರು ಮೆಟ್ಟಿಲು ಹೇಳ್ತಾರೆ. ಲಯ, ಸಡಿಲತೆ, ಬಾಯಿ ಮತ್ತು ಕೈಯ ನಡುವಿನ ಸಂಪರ್ಕ, ಚಿಮ್ಮು, ನೇರತನ, ಕೊನೆಗೆ ಮೈಯನ್ನ ಒಟ್ಟುಗೂಡಿಸಿ ಹಿಂದೆ ಕೂರುವ ಹದ. ಕತ್ತು ಬಿಲ್ಲಿನ ಹಾಗೆ ಬಗ್ಗಿದ ಆ ಚೆಂದದ ಭಂಗಿ ಕೊನೆಯಲ್ಲಿ ತಾನಾಗೇ ಬರುವ ಫಲ. ಅದು ಮೊದಲ ಮೆಟ್ಟಿಲಲ್ಲ.

ಅಡ್ಡದಾರಿ

ತೊಂದರೆ ಇರೋದು ಇಲ್ಲೇ. ಫೋಟೋದಲ್ಲಿ ಕಾಣೋದು ಆ ಕತ್ತು ಮಾತ್ರ. ಹಾಗಾಗಿ ಕೆಲವರು ಅಲ್ಲಿಂದಲೇ ಶುರು ಮಾಡ್ತಾರೆ, ಲಗಾಮು ಎಳೆದು ಗದ್ದವನ್ನ ಎದೆಗೆ ಕಟ್ಟಿಬಿಡ್ತಾರೆ. ಇದರ ಅತಿರೇಕಕ್ಕೆ ರೋಲ್‌ಕರ್ ಅಂತ ಹೆಸರು. ಬಲವಂತದಿಂದ ಹೀಗೆ ಕತ್ತು ಮಡಿಸೋದನ್ನ ಅಂತಾರಾಷ್ಟ್ರೀಯ ಫೆಡರೇಶನ್ 2010ರಲ್ಲೇ ಒಪ್ಪುವಂಥದ್ದಲ್ಲ ಅಂತ ಹೇಳಿತು.

ಅಡ್ಡದಾರಿ ಹಿಡಿಯೋದು ಹೊಸಬರು ಮಾತ್ರ ಅಂತಲೂ ಅಲ್ಲ. ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಮತ್ತು ಅವರ ಕುದುರೆ ವಲೆಗ್ರೊ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಪ್ರಪಂಚವೇ ಬೆರಗಾಗಿತ್ತು. 2024ರ ಜುಲೈನಲ್ಲಿ, ಪಾಠ ಹೇಳುವಾಗ ಒಂದು ಕುದುರೆಯ ಕಾಲಿಗೆ ಅವರು ಉದ್ದ ಚಾವಟಿಯಿಂದ ಹೊಡೆಯುವ ಹಳೇ ವಿಡಿಯೋ ಹೊರಬಂತು. ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಅವರೇ ಹಿಂದೆ ಸರಿದರು, ಫೆಡರೇಶನ್ ಒಂದು ವರ್ಷ ನಿಷೇಧ ಹಾಕಿತು. ಅಷ್ಟು ಮೃದುವಾಗಿ ಸವಾರಿ ಮಾಡಬಲ್ಲ ಕೈಗೂ ಚಾವಟಿ ಬರುತ್ತೆ ಅನ್ನೋದು ನನ್ನನ್ನ ಬಹಳ ದಿನ ಕಾಡಿತು.

ಚಾವಟಿಗೆ ಕಾಲು ಎತ್ತಿದ ಕುದುರೆ ಎತ್ತರಕ್ಕೆ ಎತ್ತುತ್ತೆ, ನಿಜ. ಆದರೆ ಬೆನ್ನು ಬಿಗಿದಿರುತ್ತೆ. ಬಿಗಿದ ಬೆನ್ನಿನ ಮೂಲಕ ಹಿಂಗಾಲಿನ ಶಕ್ತಿ ಮುಂದೆ ಹರಿಯಲ್ಲ. ಒತ್ತಾಯದಿಂದ ಮಾಡಿಸಿದ್ದರಲ್ಲಿ ಚೆಂದ ಇರಲ್ಲ ಅಂತ ಗ್ರೀಸಿನ ಕ್ಸೆನೊಫನ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಕುದುರೆ ಸವಾರಿಯ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಕಥೆಗಳಲ್ಲೂ, ಬಾಹುಕನ ವೇಷದ ನಳ ಋತುಪರ್ಣನ ರಥವನ್ನ ಗಾಳಿಯ ಹಾಗೆ ಓಡಿಸಿದ್ದು 'ಅಶ್ವಹೃದಯ' ಬಲ್ಲವನು ಅಂತ. ಚಾವಟಿ ಚೆನ್ನಾಗಿ ಬೀಸ್ತಿದ್ದ ಅಂತ ಯಾರೂ ಹೇಳಲಿಲ್ಲ.

ಮೂರು ತಿಂಗಳ ಗಡುವು ತಲೆ ಮೇಲಿದ್ದಾಗ ಅಡ್ಡದಾರಿಯ ಆಸೆ ಹತ್ತಿರವೇ ಇರುತ್ತೆ. ಏಳನೇ ವಾರದಲ್ಲಿ ಲಾಯದ ಇನ್ನೊಬ್ಬ ಸವಾರರು, ತಲೆ ಎತ್ತದ ಹಾಗೆ ಪಟ್ಟಿ ಕಟ್ಟಿಬಿಡಿ, ಮಾಲೀಕರಿಗೆ ತೋರಿಸೋಕೆ ಸಾಕು ಅಂತ ಸಲಹೆ ಕೊಟ್ಟರು. ಸುಬೇದಾರ್ ಸರ್ ಒಂದೇ ಮಾತು ಹೇಳಿದರು. "ಪಟ್ಟಿ ಬಿಚ್ಚಿದ ದಿನ ಮೇಲೆ ಕೂತಿರೋದು ಯಾವ ಮಗುವೋ?"

ಫೋನಿನಲ್ಲಿ ನೋಡುವಾಗ

ಸವಾರಿ ಕಲಿಯದಿದ್ದರೂ ಡ್ರೆಸ್ಸೇಜ್ ನೋಡಬಹುದು. ಕಾಲು ಎಷ್ಟು ಎತ್ತರಕ್ಕೆ ಹೋಗುತ್ತೆ ಅಂತ ನೋಡಬೇಡಿ, ಕಣ್ಣು ಮೋಸ ಹೋಗುತ್ತೆ. ನಡೆ ಬದಲಾಗುವ ಜಾಗ ನೋಡಿ. ಆ ಹೊತ್ತಿಗೆ ತಲೆ ಮೇಲೆ ಹಾರಿತಾ? ಬಾಲ ಸಿಟ್ಟಿನಿಂದ ಬೀಸಿತಾ? ಬಾಯಿ ತೆರೆಯಿತಾ? ಅಥವಾ ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದ ಹಾಗೆ ಹೋಯ್ತಾ? ನಾಲ್ಕು ವಿಡಿಯೋ ಹೀಗೆ ನೋಡಿದರೆ ತೀರ್ಪುಗಾರರ ಅಂಕ ನಿಮ್ಮ ಊಹೆಗೆ ಹತ್ತಿರ ಬರೋಕೆ ಶುರುವಾಗುತ್ತೆ.

ಕಲಿಯೋಕೆ ಹೊರಟಿದ್ದರೆ, ಸ್ಕೂಲು ಆರಿಸುವಾಗ ಅಲ್ಲಿನ ಕುದುರೆಗಳ ಬೆನ್ನು, ಬಾಯಿಯ ಮೂಲೆ, ಗೊರಸು ನೋಡಿ. ಮೊದಲ ಕೆಲವು ತಿಂಗಳು ಉದ್ದ ಹಗ್ಗದಲ್ಲಿ ಮೇಷ್ಟ್ರ ಸುತ್ತಲೇ ತಿರುಗಿಸಿ ನಿಮ್ಮ ಕೂರುವಿಕೆ ಸರಿ ಮಾಡಿಸುವವರು ಸಿಕ್ಕರೆ ಅದೃಷ್ಟ. ಬೇಸರ ಆಗುತ್ತೆ, ಆದರೆ ಕುದುರೆಯ ಬಾಯಿಗೆ ನೇತಾಡದ ಕೈ ಬರೋದು ಹಾಗೇನೇ.

ಹನ್ನೆರಡನೇ ವಾರ

ಮಾಲೀಕರು ಭಾನುವಾರ ಬಂದು ಬೇಲಿಯ ಮೇಲೆ ಕೈ ಇಟ್ಟು ನಿಂತರು. ಸುಬೇದಾರ್ ಸರ್ ನನ್ನನ್ನ ಇಳಿಸಿಬಿಟ್ಟರು. ನಾಲ್ಕು ತಿಂಗಳಿಂದ ಕಲೀತಿರುವ ಹನ್ನೆರಡು ವರ್ಷದ ಒಬ್ಬಳು ಹುಡುಗಿಯನ್ನ ಹತ್ತಿಸಿದರು. ವಾಕ್, ನಿಲ್ಲು, ವಾಕ್. ಆಮೇಲೆ ಟ್ರಾಟ್. ಅವಳು ಒಂದು ಕ್ಷಣ ತೂಕ ತಪ್ಪಿ ಮುಂದೆ ಬಾಗಿದಳು. ನಾನು ಉಸಿರು ಹಿಡಿದೆ. ಸರ್ದಾರ್ ಒಂದು ಕಿವಿ ಹಿಂದೆ ತಿರುಗಿಸಿ, ಎರಡು ಹೆಜ್ಜೆ ಚಿಕ್ಕದು ಮಾಡಿ, ವಾಕ್‌ಗೆ ಇಳಿದು ಕಾದ. ಅವಳು ಸರಿಯಾಗಿ ಕೂತ ಮೇಲೆ ಮತ್ತೆ ಹೊರಟ. ತಲೆ ಮೇಲೆ ಹಾರಲಿಲ್ಲ.

ಮಾಲೀಕರು ಹೆಚ್ಚೇನೂ ಹೇಳಲಿಲ್ಲ. "ಭಾನುವಾರದ ಬ್ಯಾಚಿಗೆ ಹಾಕಿ, ವಾಕ್ ಟ್ರಾಟ್ ಮಾತ್ರ" ಅಂದು ಹೋದರು. ಸೈಸ್ ಅಣ್ಣ ಆವತ್ತು ಅವನ ಹುರುಳಿಗೆ ಒಂದು ತುಂಡು ಬೆಲ್ಲ ಸೇರಿಸಿದರು.

ಬಲ ಕ್ಯಾಂಟರ್ ಇನ್ನೂ ಬಂದಿಲ್ಲ. ಆ ಕಡೆ ಎಡ ಹಿಂಗಾಲಿಗೆ ಭಾರ ತಗೊಳ್ಳೋಕೆ ಅವನಿಗೆ ಕಷ್ಟ, ಮೂರು ಸಲ ಕೇಳಿದರೆ ಒಂದು ಸಲ ತಪ್ಪು ಕಾಲಿನಲ್ಲಿ ಹೊರಡ್ತಾನೆ. ಈ ತಿಂಗಳು ಆ ಕಾಲಿನ ಕೆಲಸ. ದಿನಕ್ಕೆ ನಲವತ್ತು ನಿಮಿಷ, ಅದರಲ್ಲಿ ಕ್ಯಾಂಟರ್ ಹತ್ತು ಹೆಜ್ಜೆ, ಮಿಕ್ಕಿದ್ದೆಲ್ಲ ಅದಕ್ಕೆ ಹೋಗುವ ದಾರಿ.